ಭಾಗ್ಯಮ್ಮ ಯಾವ ಊರಲ್ಲಿದ್ದಾಳೆ

ಮೊನ್ನೆ ಕುಂದಾಪುರದ ಸಂತೆಯಲ್ಲಿ ಲಾರಿಯಿಂದ ಈರುಳ್ಳಿ ಇಳಿಸುತ್ತಿದ್ದರು. ಮಳೆಗೆ ನೆನೆದ ಮಾಲು. ಮೂಟೆಗಳ ಅಡಿಯಿಂದ ಕಂದು ನೀರು ಸೋರುತ್ತಿತ್ತು. ಕೊಳೆಯತೊಡಗಿದ ಈರುಳ್ಳಿಯ ಸಿಹಿಗಟ್ಟಿದ ನಾತಕ್ಕೆ ಜೊತೆಯಲ್ಲಿದ್ದ ತಂಗಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದೆ ನಡೆದಳು. ನಾನು ಅಲ್ಲೇ ನಿಂತೆ. ಎಲ್ಲಿಯ ಮಾಲು ಎಂದು ಕೇಳಿದ್ದಕ್ಕೆ ಹಮಾಲಿ ಚಿತ್ರದುರ್ಗದ್ದು ಎಂದ. ಅವನು ಹೇಳದಿದ್ದರೂ ನನಗೆ ಗೊತ್ತಾಗುತ್ತಿತ್ತು. ಆ ಜಿಲ್ಲೆಯಲ್ಲಿ ನಾನು ಕಳೆದದ್ದು ಒಂದೇ ಒಂದು ಮಳೆಗಾಲ. ಹಿರಿಯೂರಿನಿಂದ ಹೊಸದುರ್ಗದವರೆಗೆ ಎಲ್ಲಿ ಹೋದರೂ ಈ ನಾತವಿತ್ತು. ಆ ಮಳೆಗಾಲ ಪೂರ್ತಿ ನಾನು ಯಾರ ಮಾತನ್ನೂ ನಂಬಿರಲಿಲ್ಲ.

ನನ್ನ ಕೆಲಸವೇ ಅಂಥದ್ದು. ದೇಶದ ಉದ್ದಗಲಕ್ಕೂ ಕೆಲವು ಹಳ್ಳಿಗಳನ್ನು ಆರಿಸಿಕೊಂಡು, ಅಲ್ಲಿ ಯಾರು ಹುಟ್ಟಿದರು, ಯಾರು ಸತ್ತರು ಎಂದು ಮನೆಮನೆಗೆ ಹೋಗಿ ಕೇಳುವ ಸಮೀಕ್ಷೆ ಅದು. ಸಾಮಾನ್ಯವಾಗಿ ಆಯಾ ಊರಿನ ಶಿಕ್ಷಕರು ಕೇಳಿ ಬರೆದಿಟ್ಟಿರುತ್ತಾರೆ. ಆಮೇಲೆ ನನ್ನಂಥವರು ಅದೇ ಮನೆಗಳಿಗೆ ಮತ್ತೆ ಹೋಗಿ, ಅವರು ಬರೆದದ್ದು ನಿಜವೇ ಎಂದು ನೋಡಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅನುಮಾನಿಸುವುದಕ್ಕೇ ಸಂಬಳ.

ಚಿತ್ರದುರ್ಗದ ನಮ್ಮ ಕಚೇರಿಯ ಗೋಡೆಯ ಮೇಲೆ ಒಂದು ನಕ್ಷೆ ಇತ್ತು. ಹೆರಿಗೆಯ ಸಾವು ಕಡಿಮೆ ಇರುವ ಕಡೆ ತಿಳಿ ಬಣ್ಣ, ಹೆಚ್ಚಿರುವ ಕಡೆ ಗಾಢ ಬಣ್ಣ. ನಮ್ಮ ಕರಾವಳಿ ತಿಳಿಯಾಗಿತ್ತು. ಉತ್ತರಕ್ಕೆ ಹೋದಂತೆ ಕೆಲವು ರಾಜ್ಯಗಳು ಒಣಗಿದ ರಕ್ತದ ಬಣ್ಣಕ್ಕಿದ್ದವು. ಕೆಲಸಕ್ಕೆ ಸೇರಿದ ದಿನ ಸಾಹೇಬರು ಅದರ ಮುಂದೆ ನಿಲ್ಲಿಸಿ ಹೇಳಿದ ಮಾತು ನೆನಪಿದೆ. "ಒಂದೇ ವಯಸ್ಸಿನ ಹೆಂಗಸು, ಒಂದೇ ಥರದ ಹೆರಿಗೆ. ಇಲ್ಲಿ ಬದುಕಿಕೊಳ್ಳುವವಳು ಅಲ್ಲಿ ಸಾಯುತ್ತಾಳೆ. ಯಾಕೆ ಅಂತ ತಿಳಿಯಬೇಕಾದರೆ ಮೊದಲು ಸತ್ತವರು ಸತ್ತಿದ್ದಾರೆ ಅಂತ ಗೊತ್ತಾಗಬೇಕಲ್ಲ." ನಾನು ಆ ತಿಳಿ ಬಣ್ಣದ ಪಟ್ಟಿಯನ್ನು ನೋಡುತ್ತಾ ಒಳಗೊಳಗೇ ಸ್ವಲ್ಪ ಹೆಮ್ಮೆಪಟ್ಟುಕೊಂಡಿದ್ದೆ. ನಾನು ಅಲ್ಲಿಯವಳಲ್ಲವೇ.

ಆ ಮಳೆಗಾಲದಲ್ಲಿ ಸಾಹೇಬರ ಅನುಮಾನ ಎರಡು ಹಳ್ಳಿಗಳ ಮೇಲೆ ಬಿದ್ದಿತ್ತು. ಒಂದು ಹೊಸದುರ್ಗ ತಾಲ್ಲೂಕಿನಲ್ಲಿ ಬಾಗೂರಿನ ಆಚೆಗಿದ್ದ ಕುರಿಗಾಹಿಗಳ ಹಟ್ಟಿ. ಅಲ್ಲಿ ಹೆರುವ ವಯಸ್ಸಿನ ಹೆಂಗಸು ಸತ್ತದ್ದೇ ಇಲ್ಲ ಎಂಬಂತೆ ವರ್ಷವರ್ಷವೂ ಬರುತ್ತಿತ್ತು. ಇನ್ನೊಂದು ಹಿರಿಯೂರು ತಾಲ್ಲೂಕಿನ ಹಳ್ಳಿ. ಅಲ್ಲಿ ಅಂಥ ಸಾವು ಸುತ್ತಲಿನ ಊರುಗಳಿಗಿಂತ ಹೆಚ್ಚು. ಎರಡರ ನಡುವೆ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಇಲ್ಲ. ಮಣ್ಣು ಒಂದೇ, ಮುದ್ದೆ ಒಂದೇ, ಬೀಗತನವೂ ಇದೆ. "ಇಬ್ಬರಲ್ಲಿ ಒಬ್ಬರು ಸುಳ್ಳು ಬರೀತಿದ್ದಾರೆ, ಹೋಗಿ ನೋಡಿಕೊಂಡು ಬನ್ನಿ," ಎಂದರು ಸಾಹೇಬರು. ಹಿರಿಯೂರು ಕಡೆಯ ಹಳ್ಳಿ ಮುಬೀನಾ ಎಂಬ ಶಿಕ್ಷಕಿಯ ಪಾಲಿನದು. ಆಕೆ ಮನೆಯಲ್ಲೇ ಕೂತು ಬರೆಯುತ್ತಾರೇನೋ ಎಂಬ ಧಾಟಿ ಸಾಹೇಬರ ಮಾತಿನಲ್ಲಿತ್ತು. ನಾನೂ ಹಾಗೇ ಅಂದುಕೊಂಡೆ.

ಮೊದಲು ಹಟ್ಟಿಗೆ ಹೋದೆ. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಮೋಡದೊಳಗೆ ಅರ್ಧ ಮುಳುಗಿ ತಿರುಗುತ್ತಿದ್ದವು. ಮುಳ್ಳುಬೇಲಿಯ ರೊಪ್ಪದಲ್ಲಿ ನೆನೆದ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಕೊನೆಯ ಮನೆ ಸಣ್ಣೀರಪ್ಪನದು. ಅವನ ಹೆಂಡತಿ ಕೆಂಚಮ್ಮ ಜಗಲಿಯ ಮೇಲೆ ಗೋಣಿಚೀಲ ಹಾಸಿ, "ಕುಂತ್ಕಳ್ರಿ," ಎಂದಳು. ತಾನು ಮಾತ್ರ ಕೂರಲಿಲ್ಲ. ನೀವು ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ ಎಂದು ಪ್ರತಿ ಮನೆಯಲ್ಲೂ ಹೇಳುವ ಮಾತನ್ನು ಅಲ್ಲಿಯೂ ಹೇಳಿದೆ.

"ಮನೆಯಲ್ಲಿ ಯಾರ್‍ಯಾರಿದ್ದೀರಮ್ಮ?"

"ನಾವಿಬ್ರೇ. ದೊಡ್ಡೋಳು ಭಾಗ್ಯಮ್ಮನ್ನ ಹಿರಿಯೂರು ಕಡೆ ಕೊಟ್ಟೀವಿ. ಚಿಕ್ಕೋಳು ಅಕ್ಕನ ಕೂಸು ನೋಡ್ಕಳಾಕೆ ಅಲ್ಲಿಗೇ ಹೋಗವ್ಳೆ."

"ಹೆರಿಗೆ ಎಲ್ಲಾಯಿತು?"

"ಇಲ್ಲೇ. ಚೊಚ್ಚಲು ಅಲ್ವೇನ್ರಿ."

"ತಾಯಿ, ಕೂಸು ಚೆನ್ನಾಗಿದ್ದಾರಾ?"

ಅವಳು ರೊಪ್ಪದ ಕಡೆ ನೋಡಿದಳು. "ಕೂಸು ಚೆನ್ನಾಗೈತೆ."

"ತಾಯಿ?"

"ಗಂಡನ ಮನೇಲವ್ಳೆ ಅಂತ ಹೇಳಿದ್ನಲ್ರಿ."

ಅಷ್ಟರಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಸಣ್ಣೀರಪ್ಪ ಬಂದ. ನಾನು ಯಾರು ಎಂದು ಕೇಳಿ ತಿಳಿದುಕೊಂಡ. "ಸತ್ತೋರ್ನ ಕೇಳ್ಕಂಡು ವರ್ಷಾ ವರ್ಷಾ ಬರ್ತೀರಿ. ಇರೋರ್ನ ಕೇಳಾಕೆ ಒಬ್ರೂ ಬರಲ್ಲ," ಎಂದ. ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ಎದ್ದುಹೋಗಲಿ ಎಂದಷ್ಟೇ ಇತ್ತು. ನಲ್ಲಿಯ ಹತ್ತಿರ ಮಾತಾಡುತ್ತಿದ್ದ ಹೆಂಗಸರು ನಾನು ಹಾದುಹೋಗುವಾಗ ಬಾಯಿ ಮುಚ್ಚಿದರು. ಆ ಹಟ್ಟಿಗೆ ಆಶಾ ಕಾರ್ಯಕರ್ತೆಯಾಗಿದ್ದವರು ಕೆಲಸ ಬಿಟ್ಟು ತಿಂಗಳುಗಳಾಗಿದ್ದವು. ಬೇರೆ ಕೇಳೋಣವೆಂದರೆ ಯಾರೂ ಇರಲಿಲ್ಲ.

ಮರುದಿನ ಹೇಳದೆ ಕೇಳದೆ ಮುಬೀನಾ ಅವರ ಮನೆಯ ಬಾಗಿಲು ತಟ್ಟಿದೆ. ಹಿರಿಯೂರು ಪೇಟೆಯಲ್ಲಿ ತಲೆಮಾರುಗಳಿಂದ ಪಾತ್ರೆಗೆ ಕಲಾಯಿ ಹಾಕಿಕೊಂಡು ಬಂದ ಮನೆತನ ಅವರದು. ಈಗ ಮುಂಭಾಗದಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ, ಹಿಂಭಾಗದಲ್ಲಿ ಮನೆ. ಮಾರಿಕಣಿವೆ ಅಣೆಕಟ್ಟಿಗೆ ನೀರು ಬಂದದ್ದನ್ನು ನೋಡಲು ಮನೆಯವರೆಲ್ಲ ಹೊರಟು ನಿಂತಿದ್ದರು. ನನ್ನನ್ನು ನೋಡಿ ಅವರು ಗಂಡ ಮಕ್ಕಳನ್ನು ಕಳಿಸಿ ತಾವು ಉಳಿದರು. ನಾನು ಯಾವ ಯಾವ ಮನೆಗೆ ಯಾವಾಗ ಹೋಗಿದ್ದಿರಿ ಎಂದು ಸುತ್ತಿ ಬಳಸಿ ಕೇಳುತ್ತಿದ್ದೆ. ಅವರು ಚಹಾ ಲೋಟವನ್ನು ನನ್ನ ಮುಂದಿಟ್ಟು, "ನನ್ನ ಮೇಲೆ ಅನುಮಾನ ಇದ್ರೆ ನೇರವಾಗೇ ಕೇಳ್ರಿ ಮೇಡಂ," ಎಂದರು.

ಹಟ್ಟಿಯವರು ಅವಳನ್ನು ಕೊಟ್ಟ ಊರು ಇವರ ಪಾಲಿನ ಹಳ್ಳಿಯೇ ಆಗಿತ್ತು. ನಾನು ನೇರವಾಗಿಯೇ ಭಾಗ್ಯಮ್ಮನ ಹೆಸರು ಹೇಳಿದೆ.

"ಹೆಸರು ಗೊತ್ತು, ಮುಖ ನೋಡಿಲ್ಲ. ಗಂಗಮ್ಮನ ಸೊಸೆ. ಹೆರಿಗೆಗೆ ತವರಿಗೆ ಹೋಗವ್ಳೆ, ಇನ್ನೂ ಬಂದಿಲ್ಲ."

"ಯಾರು ಹೇಳಿದರು?"

"ಗಂಗಮ್ಮನೇ. ಹೋದ ವಾರವೂ ಅದನ್ನೇ ಹೇಳಿದ್ರು."

"ನಿನ್ನೆ ಅವಳ ತವರಿಗೆ ಹೋಗಿದ್ದೆ. ಗಂಡನ ಮನೆಯಲ್ಲಿದ್ದಾಳೆ ಅಂದರು."

ಮುಬೀನಾ ನನ್ನ ಮುಖ ನೋಡಿದರು. ಆಗ ನನಗೆ ಹೊಳೆದದ್ದನ್ನೇ ಅವರೂ ಯೋಚಿಸುತ್ತಿದ್ದರೆಂದು ಆಮೇಲೆ ಹೇಳಿದರು. ಎರಡು ಮನೆಯಲ್ಲೂ ಇಲ್ಲದ ಹೆಂಗಸು. ಯಾರೋ ಏನೋ ಮಾಡಿದ್ದಾರೆ. ವರದಕ್ಷಿಣೆ, ಸೀಮೆಎಣ್ಣೆ, ಬಾವಿ, ಹೀಗೆ ಪತ್ರಿಕೆಯಲ್ಲಿ ಓದಿದ್ದೆಲ್ಲ ನನ್ನ ತಲೆಯಲ್ಲಿ ಸುತ್ತತೊಡಗಿತು. ಮುಬೀನಾ ಎದ್ದು ಬುರ್ಖಾ ಹಾಕಿಕೊಂಡರು. "ಬರ್ರಿ, ಈಗಲೇ ಹೋಗಾಣ."

ಗಂಗಮ್ಮನ ಮನೆ ಊರ ಹೊರಗೆ, ಹೊಲದಲ್ಲಿತ್ತು. ಅಂಗಳದಲ್ಲಿ ಟಾರ್ಪಾಲು ಮುಚ್ಚಿದ ಈರುಳ್ಳಿ ರಾಶಿ. ಮಳೆ ಬಿಡದೆ ಅದು ಒಳಗೇ ಕೊಳೆಯುತ್ತಿತ್ತು. ಗಂಗಮ್ಮ ಗಟ್ಟಿಮುಟ್ಟಾದ ಹೆಂಗಸು. ಗಂಡನಿಲ್ಲ. ಒಬ್ಬನೇ ಮಗ ರಂಗಸ್ವಾಮಿ ಬಾಡಿಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಮುಬೀನಾ ಅವರನ್ನು ಕಂಡು ನಗುತ್ತಾ ಬಂದ ಗಂಗಮ್ಮ, ನಾನು ಹಟ್ಟಿಗೆ ಹೋಗಿದ್ದ ವಿಷಯ ಕೇಳಿ ನಗು ನಿಲ್ಲಿಸಿದಳು.

"ಹೂಂ, ಇಲ್ಲೇ ಅವ್ಳೆ. ಮೊನ್ನೆ ಬಂದ್ಲು," ಎಂದು ಒಳಗೆ ತಿರುಗಿ, "ಏ ಭಾಗ್ಯಾ, ಬಾರೇ ಇಲ್ಲಿ," ಎಂದು ಕೂಗಿದಳು.

ಯಾರೂ ಬರಲಿಲ್ಲ. ಒಳಗೆ ಬಳೆಯ ಸದ್ದು ಕೇಳುತ್ತಿತ್ತು, ಕೂಸು ಕಿರುಗುಟ್ಟುತ್ತಿತ್ತು. ಗಂಗಮ್ಮ ಮತ್ತೆ ಕೂಗಿದಳು. ಕೊನೆಗೆ ತಾನೇ ಒಳಹೋಗಿ ಏನೋ ಗದರಿದಳು. ಆಮೇಲೆ ಸೊಂಟದಲ್ಲಿ ಕೂಸನ್ನಿಟ್ಟುಕೊಂಡು ಒಬ್ಬ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ಸೀರೆ ಉಟ್ಟು ಅಭ್ಯಾಸವಿಲ್ಲದ್ದು ನೋಡಿದರೇ ತಿಳಿಯುತ್ತಿತ್ತು, ನೆರಿಗೆಗಳನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ತಾಳಿ ಇರಲಿಲ್ಲ. ಬಾಣಂತಿಯ ಸುಸ್ತೂ ಮುಖದ ಮೇಲಿರಲಿಲ್ಲ.

ನಾನು ಕಾಲಿನ ಕೆಸರು ತೊಳೆಯಬೇಕೆಂದೆ. ಮುಬೀನಾ ಕೂಡಲೇ ಗಂಗಮ್ಮನನ್ನು ಜಗಲಿಯ ಮೇಲೆ ಕೂರಿಸಿ, ಮನೆಯಲ್ಲಿ ಒಬ್ಬೊಬ್ಬರ ವಯಸ್ಸು ಎಷ್ಟು, ಓದು ಎಷ್ಟು ಎಂದು ಶುರುಮಾಡಿದರು. ಹುಡುಗಿ ನನ್ನನ್ನು ಹಿತ್ತಲಿನ ತೊಟ್ಟಿಯ ಹತ್ತಿರ ಕರೆದುಕೊಂಡು ಹೋದಳು.

"ಹೆಸರೇನಮ್ಮ?"

"ಭಾಗ್ಯ."

"ಎಷ್ಟರವರೆಗೆ ಓದಿದೀಯ?"

"ಎಸ್ಸೆಲ್ಸಿ. ಹೋದ ವರ್ಷ ಪಾಸಾದೆ, ಬಾಗೂರಲ್ಲಿ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಗೊತ್ತಾಯಿತು. ಮದುವೆಯಾಗಿ, ಬಸುರಿಯಾಗಿ, ಹೆತ್ತು ಬಂದವಳು ಹೋದ ವರ್ಷ ಹತ್ತನೇ ತರಗತಿಯಲ್ಲಿ ಇರುವುದಕ್ಕಾಗುವುದಿಲ್ಲ. ಕೂಸಿನ ತಲೆಗೆ ಗಲ್ಲ ಒತ್ತಿಕೊಂಡು ನಿಂತಳು.

"ನೀನು ತಂಗಿ ಅಲ್ಲವಾ?" ಎಂದು ಮೆಲ್ಲಗೆ ಕೇಳಿದೆ.

"ಸುಧಾ."

"ಅಕ್ಕ ಎಲ್ಲಿದ್ದಾಳೆ ಸುಧಾ?"

"ಅಪ್ಪನ ಹೊಲದಾಗವ್ಳೆ."

ಒಂದು ಗಳಿಗೆ ನನಗೆ ಸಮಾಧಾನವಾಯಿತು. ಹೊಲದಲ್ಲಿ ಕೆಲಸ ಮಾಡುತ್ತಿದ್ದಾಳೆ, ಗಂಡನೊಂದಿಗೆ ಮುನಿಸಿಕೊಂಡು ತವರಿಗೆ ಹೋಗಿರಬೇಕು ಎಂದುಕೊಂಡೆ. ಆಮೇಲೆ ಹುಡುಗಿಯ ಮುಖ ನೋಡಿದೆ. ಕಾಲಿನ ಮೇಲೆ ಸುರಿದುಕೊಳ್ಳುತ್ತಿದ್ದ ನೀರು ನಿಂತಿತು.

ಅವಳೇ ಉಳಿದದ್ದನ್ನು ಹೇಳಿದಳು, ಒಳಗೊಂದು ಕಿವಿಯಿಟ್ಟುಕೊಂಡು, ತುಂಡು ತುಂಡಾಗಿ. ಅಕ್ಕ ಹೆತ್ತ ದಿನವೇ ಹೋದಳು. ಅಪ್ಪನ ಹೊಲದಲ್ಲೇ ಮಣ್ಣು ಮಾಡಿದರು. ಕೂಸಿಗೆ ಯಾರಾದರೂ ಬೇಕಲ್ಲ ಎಂದು ತನ್ನನ್ನು ಇಲ್ಲಿಗೆ ಕಳಿಸಿದರು. "ಯಾರಾನ ಕೇಳ್ಕಂಡು ಬಂದ್ರೆ ಭಾಗ್ಯ ಅನ್ಬೇಕು ಅಂತ ಅತ್ತೆ ಹೇಳೈತೆ. ದಸರಾ ಕಳೆದ್ ಮ್ಯಾಲೆ ಭಾವನ ಜೊತೆ ಮದುವೆ ಮಾಡ್ತಾರಂತೆ. ನಂಗೆ ಬ್ಯಾಡ ಮೇಡಂ. ಕೂಸಿನ್ನ ಬಿಟ್ಟೂ ಹೋಗಲ್ಲ."

"ನಿಮ್ಮ ಭಾವ ಏನಂತಾರೆ?"

"ಅವ್ರು ಮಾತೇ ಆಡಲ್ಲ. ಟ್ರ್ಯಾಕ್ಟರಿನ ಹತ್ರಾನೇ ಮಲಗ್ತಾರೆ."

ನಾವಿಬ್ಬರೂ ಬಸ್ ನಿಲ್ದಾಣಕ್ಕೆ ವಾಪಸು ನಡೆದೆವು. ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ಎರಡೂ ಮನೆಯಲ್ಲಿ ಮಾತು ಕೊಟ್ಟಿದ್ದೆವು. ನಾನು ಅದನ್ನೇ ಎತ್ತಿದೆ. ಹೀಗೆ ಒಂದು ಮನೆಯ ಮಾತು ಹೊರಗೆ ಹೋದರೆ ನಾಳೆ ಯಾರೂ ನಮಗೆ ಬಾಗಿಲು ತೆಗೆಯುವುದಿಲ್ಲ ಎಂದೆ.

"ಆ ಮಾತು ಸತ್ತೋಳ ಲೆಕ್ಕಕ್ಕೆ ಮೇಡಂ," ಎಂದರು ಮುಬೀನಾ. "ಇವಳು ಬದುಕಿದಾಳೆ. ನಮ್ಮ ಶಾಲೇಲಿ ಓದಿದ್ರೆ ನನ್ನ ಹುಡುಗೀನೇ ಆಗಿರ್ತಿದ್ಲು. ಮಕ್ಕಳ ಸಹಾಯವಾಣಿಗೆ ನಾನು ಫೋನ್ ಮಾಡ್ತೀನಿ. ಅಪ್ಪನ ಹತ್ರ ನೀವು ಹೋಗ್ರಿ. ಪೊಲೀಸರ ಬಾಯಿಂದ ಕೇಳೋದಕ್ಕಿಂತ ನಿಮ್ಮಿಂದ ಕೇಳ್ಲಿ."

ಅವರು ಹಾಗೆ ಹೇಳಿದ ಮೇಲೆ ಅವರ ಮೇಲಿನ ನನ್ನ ಅನುಮಾನ ಹೋಯಿತು. ಹಟ್ಟಿಯ ಮೇಲಿನದು ಮಾತ್ರ ಇನ್ನೂ ಇತ್ತು. ಹೆತ್ತ ದಿನವೇ ಸತ್ತ ಮಗಳನ್ನು ಬದುಕಿದ್ದಾಳೆ ಎನ್ನುವ ತಂದೆ ತಾಯಿ ಎಂಥವರು? ಹೇಗೆ ಸತ್ತಳು?

ಸಣ್ಣೀರಪ್ಪ ಹಟ್ಟಿಯ ಮೇಲಿನ ಬೋರೆಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ. ಮಳೆ ಸ್ವಲ್ಪ ಬಿಟ್ಟಿತ್ತು. ಸುಧಾ ಎಲ್ಲ ಹೇಳಿದಳು ಎಂದೆ. ಅವನು ಒಂದು ಕುರಿಮರಿಯನ್ನು ಕಾಲಸಂದಿಯಲ್ಲಿ ಹಿಡಿದು ಅದರ ಗೊರಸಿಗೆ ಔಷಧಿ ಹಚ್ಚುತ್ತಿದ್ದ. ಹಚ್ಚಿ ಮುಗಿಸಿ ಬಿಟ್ಟ. ಆಮೇಲೆ ಬಂಡೆಯ ಮೇಲೆ ಕುಳಿತ.

"ದಿನ ಇನ್ನೂ ಇತ್ತು ಕಣ್ರಿ. ಬೆಳಿಗ್ಗೆ ಕಸ ಗುಡಿಸ್ತಾ ಇದ್ದೋಳಿಗೆ ನೋವು ಬಂತು. ಕೂಸು ಆಯ್ತು, ಎಲ್ಲಾ ಸುಸೂತ್ರ ಅಂದ್ಕಂಡ್ವಿ. ರಕ್ತ ನಿಲ್ಲಲಿಲ್ಲ. ಮಳೆ ಹಿಡ್ಕಂಡಿತ್ತು, ಹಳ್ಳ ತುಂಬಿತ್ತು. ಹಳ್ಳ ಇಳಿದ ಮ್ಯಾಲೆ ಟೊಮೆಟೊ ಹೇರೋ ಗಾಡಿ ಸಿಕ್ತು. ಹೊಸದುರ್ಗದಾಗೆ ನೋಡಿ, ರಕ್ತ ಏರಿಸ್ಬೇಕು, ದುರ್ಗಕ್ಕೆ ಹೊರಡ್ರಿ ಅಂದ್ರು. ಹೊರಟ್ವಿ. ಹೊಳಲ್ಕೆರೆ ದಾಟಿದ್ ಮ್ಯಾಲೆ ಅಪ್ಪಾ ಚಳಿ ಅಂದ್ಲು. ಕಂಬಳಿ ಹೊದೆಸ್ದೆ. ಆಮೇಲೆ ಏನೂ ಅನ್ಲಿಲ್ಲ."

"ಚಿತ್ರದುರ್ಗಕ್ಕೆ ಹೋದಿರಾ?"

"ಹೋಗಿ ಏನ್ ಮಾಡಾಣ? ಗಾಡಿ ತಿರುಗಿಸ್ದೆ."

ಅಳಿಯನ ಕಡೆಯವರು ಮಣ್ಣಿಗೆ ಬಂದರು. ಬೀಗಿತ್ತಿ ಅಲ್ಲೇ, ಹೊಲದ ಬದುವಿನಲ್ಲೇ ಮಾತು ತೆಗೆದಳು. ಕೂಸು ನಮ್ಮ ಮನೆಯದು, ಕೂಸಿಗೆ ತಾಯಿ ಬೇಕು, ನಿಮ್ಮ ಚಿಕ್ಕ ಮಗಳನ್ನು ಕೊಟ್ಟುಬಿಡಿ. ಭಾಗ್ಯ ಸತ್ತಳು ಎಂದು ಬರೆಸಿದರೆ ಈಗ ಮನೆಯಲ್ಲಿರುವ ಹುಡುಗಿ ಯಾರು ಎಂದು ಕೇಳುತ್ತಾರೆ. ಅವಳಿಗೆ ಇನ್ನೂ ಮದುವೆಯ ವಯಸ್ಸಾಗಿಲ್ಲ. ಎರಡು ಊರೂ ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದವು.

"ನೀವು ಸುಧಾನ ಕೇಳಿದಿರಾ?"

"ಕೂಸಿನ್ನ ಎತ್ಕಂಡ್ಳು. ಒಪ್ಪಿದ್ಲು ಅಂದ್ಕಂಡೆ."

ನನ್ನ ತಲೆಯಲ್ಲಿದ್ದ ಸೀಮೆಎಣ್ಣೆ, ಬಾವಿ ಎಲ್ಲ ಮಾಯವಾದವು. ಉಳಿದದ್ದು ಹಳ್ಳ ಇಳಿಯಲೆಂದು ಕಾಯುತ್ತಿದ್ದ ಒಂದು ಬೆಳಗು, ಮತ್ತು ಟೊಮೆಟೊ ಹೇರುವ ಗಾಡಿ. ಹುಡುಗಿ ಬೇಡ ಅನ್ನುತ್ತಿದ್ದಾಳೆ, ಮದುವೆ ಮಾಡಿದರೆ ಕೇಸಾಗುತ್ತದೆ, ಅಧಿಕಾರಿಗಳು ಹೇಗೂ ಬರುತ್ತಾರೆ ಎಂದು ಹೇಳಿದೆ. ಅವನು ಕೇಸಿನ ಮಾತಿಗೆ ಕಿವಿಗೊಡಲೇ ಇಲ್ಲ. "ಬ್ಯಾಡ ಅಂದ್ಲಾ? ನಿಮ್ಮತ್ರ ಅಂದ್ಲಾ?" ಎಂದು ಎರಡು ಮೂರು ಸಲ ಕೇಳಿದ. ಮಗಳು ತನಗೆ ಹೇಳದೆ ಹಾದಿಹೋಕರಿಗೆ ಹೇಳಿದಳಲ್ಲ ಎಂಬುದು ಅವನನ್ನು ಹೆಚ್ಚು ಚುಚ್ಚಿದಂತಿತ್ತು.

ಮಕ್ಕಳ ರಕ್ಷಣೆಯ ಅಧಿಕಾರಿಗಳು ಗಂಗಮ್ಮನ ಮನೆಗೆ ಹೋಗುವಷ್ಟರಲ್ಲಿ ಸಣ್ಣೀರಪ್ಪ ಅಲ್ಲಿ ಕೂತಿದ್ದ. ನಾನಿರಲಿಲ್ಲ, ಮುಬೀನಾ ಇದ್ದರು. ಸುಧಾಳನ್ನು ಬೇಕಾದರೆ ಕರೆದುಕೊಂಡು ಹೋಗಿ, ಕೂಸನ್ನು ಬಿಡುವುದಿಲ್ಲ ಎಂದು ಗಂಗಮ್ಮ ಬಾಗಿಲಿಗೆ ಅಡ್ಡ ನಿಂತಳಂತೆ. ಆಗ ರಂಗಸ್ವಾಮಿ ಒಳಗಿಂದ ಕೂಸಿನ ಬಟ್ಟೆಯ ಗಂಟು ತಂದು ಮಾವನ ಕೈಗೆ ಕೊಟ್ಟ. "ಹೋಗ್ಲಿ ಬಿಡಮ್ಮ. ನಾನು ಅಲ್ಲಿಗೇ ಹೋಗಿ ನೋಡ್ಕಂಡು ಬರ್ತೀನಿ," ಎಂದನಂತೆ. ಅವನು ಅಷ್ಟು ದಿನ ಯಾಕೆ ಸುಮ್ಮನಿದ್ದ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಬೇಡವಾಗಿತ್ತೋ, ಬೇಡ ಎನ್ನುವ ಧೈರ್ಯವಿರಲಿಲ್ಲವೋ, ಅಥವಾ ನಡೆಯುವುದು ನಡೆಯಲಿ ಎಂದು ಕಾಯುತ್ತಿದ್ದನೋ. ಒಳ್ಳೆಯವನು ಎಂದು ಮುಬೀನಾ ಹೇಳುತ್ತಿದ್ದರು. ನಾನು ಹೂಂ ಎನ್ನುತ್ತಿರಲಿಲ್ಲ.

ಭಾಗ್ಯಮ್ಮನ ಸಾವನ್ನು ಬರೆದೆ. ಆದರೆ ಎಲ್ಲಿ ಬರೆಯಬೇಕು ಎಂಬ ಪ್ರಶ್ನೆ ಬಂತು. ಉಸಿರು ನಿಂತದ್ದು ಹೊಳಲ್ಕೆರೆಯ ಆಚೆಗಿನ ರಸ್ತೆಯಲ್ಲಿ. ಹೊರಟಿದ್ದದ್ದು ಚಿತ್ರದುರ್ಗಕ್ಕೆ. ಹೆತ್ತದ್ದು, ಮಣ್ಣಾದದ್ದು ಹೊಸದುರ್ಗ ತಾಲ್ಲೂಕಿನಲ್ಲಿ. ಸಾಹೇಬರು ನಿಯಮ ಓದಿ ಹೇಳಿದರು. ಸತ್ತವರು ಮಾಮೂಲಾಗಿ ಯಾವ ಮನೆಯವರೋ ಆ ಮನೆಗೆ ಸೇರಬೇಕು. ಮದುವೆಯಾದವಳು ಗಂಡನ ಮನೆಯವಳು. ಹಾಗಾಗಿ ಹಿರಿಯೂರು. ಅಲ್ಲಿನ ಸಂಖ್ಯೆ ಇನ್ನಷ್ಟು ಏರಿತು. ಹಟ್ಟಿ ಮಾತ್ರ ಮೊದಲಿನ ಹಾಗೇ ಉಳಿಯಿತು, ಹೆರುವ ವಯಸ್ಸಿನ ಹೆಂಗಸು ಸಾಯದ ಊರಾಗಿ. ಯಾರೂ ಸುಳ್ಳು ಬರೆದಿರಲಿಲ್ಲ. ಹೆರಲೆಂದು ಹಟ್ಟಿಗೆ ಬಂದು ಸತ್ತ ಮಗಳಂದಿರೆಲ್ಲ ಬೇರೆ ಊರಿನ ಲೆಕ್ಕಕ್ಕೆ ಹೋಗುತ್ತಿದ್ದರು, ಇಲ್ಲವೇ ಎಲ್ಲಿಗೂ ಹೋಗುತ್ತಿರಲಿಲ್ಲ. ಹಳ್ಳಕ್ಕೊಂದು ಸೇತುವೆ ಬೇಕೆಂದು ಆ ನಕ್ಷೆ ನೋಡಿದ ಯಾರಿಗೂ ಅನ್ನಿಸುವಂತಿರಲಿಲ್ಲ. ಗೋಡೆಯ ಮೇಲಿನ ನಮ್ಮ ಕರಾವಳಿಯ ತಿಳಿ ಬಣ್ಣದ ಮೇಲೂ ನನಗೆ ಅನುಮಾನ ಹುಟ್ಟಿದ್ದು ಅವತ್ತೇ.

ಸಾಹೇಬರಿಗೆ ಹಳ್ಳದ ವಿಷಯ ಬೇರೆಯಾಗಿ ಬರೆದುಕೊಡುತ್ತೇನೆ ಎಂದೆ. ಬರೆದುಕೊಡಿ ಎಂದರು. ಕೊಟ್ಟೆ. ಅದು ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಸಾವನ್ನು ಎಲ್ಲಿ ಬರೆದೆವು ಎಂದು ಸಣ್ಣೀರಪ್ಪನಿಗೆ ಹೇಳಬೇಕಾದದ್ದು ನ್ಯಾಯ ಅನ್ನಿಸಿತು. ಹೇಳಿದೆ. "ನಮ್ಮ ಮಣ್ಣಾಗೇ ಅವ್ಳೆ. ಅಲ್ಲೆಂಗೆ ಬರೀತೀರಿ?" ಎಂದ.

ವರ್ಷ ಮುಗಿಯುವ ಮೊದಲೇ ನನಗೆ ಮಂಗಳೂರಿಗೆ ವರ್ಗವಾಯಿತು. ಹೊರಡುವ ಮುಂಚೆ ಮುಬೀನಾ ಜೊತೆ ಇನ್ನೊಮ್ಮೆ ಹಟ್ಟಿಗೆ ಹೋದೆ. ಮಳೆ ನಿಂತು, ಬೋರೆಯೆಲ್ಲ ಹಳದಿ ತಿರುಗುತ್ತಿತ್ತು. ಸುಧಾ ಲಂಗ ದಾವಣಿಯಲ್ಲಿದ್ದಳು. ಮುಂದಿನ ವರ್ಷ ಬಾಗೂರಿನಲ್ಲಿ ಕಾಲೇಜಿಗೆ ಸೇರುವುದೆಂದು ತೀರ್ಮಾನವಾಗಿತ್ತು. ಹಗಲು ಕೂಸನ್ನು ಕೆಂಚಮ್ಮ ನೋಡಿಕೊಳ್ಳುವುದು. ನಾವು ಕೂತು ಮಾತಾಡುತ್ತಿರುವಾಗಲೇ ಹಾದಿಯಲ್ಲಿ ಗಂಗಮ್ಮ ಬರುತ್ತಿರುವುದು ಕಂಡಿತು. ಒಬ್ಬಳೇ ಬಂದಿದ್ದಳು. ಕೈಯಲ್ಲಿ ಕೂಸಿಗೆಂದು ತಂದ ಫ್ರಾಕಿನ ಕವರು. ಮೊದಲಿಗಿಂತ ಇಳಿದುಹೋಗಿದ್ದಳು. ನಮ್ಮನ್ನು ನೋಡಿ ಒಂದು ಗಳಿಗೆ ನಿಂತು, ಆಮೇಲೆ ಜಗಲಿಯ ತುದಿಯಲ್ಲಿ ಕುಳಿತಳು. ಮೊಮ್ಮಗಳನ್ನು ನೋಡಲು ಬಂದಳೋ, ಇನ್ನೇನಾದರೂ ಮಾತು ತೆಗೆಯಲು ಬಂದಳೋ, ಅವಳ ಮುಖದಿಂದ ನನಗೆ ತಿಳಿಯಲಿಲ್ಲ.

ಅವಳು ಎರಡೂ ಕೈ ಚಾಚಿದಳು. ಸುಧಾ ಕೂಸನ್ನು ಸೊಂಟದಲ್ಲೇ ಇಟ್ಟುಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಹತ್ತಿರ ಬರಲಿಲ್ಲ.

"ಸಂಜೆ ಬಸ್ಸಿಗೆ ಹೋಗ್ತೀಯಲ್ಲ ಅತ್ತೆ?" ಎಂದು ಕೇಳಿದಳು.

ಗಂಗಮ್ಮ ಅವಳ ಮುಖವನ್ನೇ ನೋಡಿದಳು. ಚಾಚಿದ ಕೈ ಸ್ವಲ್ಪ ಕೆಳಗಿಳಿಯಿತು. "ಹೂಂ," ಎಂದಳು.

ಆಮೇಲೆ ಸುಧಾ ಬಂದು ಕೂಸನ್ನು ಅವಳ ತೊಡೆಯ ಮೇಲೆ ಮಲಗಿಸಿದಳು. ಬಸ್ಸಿನ ಹೊತ್ತಾಗುವವರೆಗೆ ಪಕ್ಕದಿಂದ ಏಳಲಿಲ್ಲ.